ಲಾಲ್‌ಬಾಗಿನ ಕಲ್ಲುಬೆಂಚು

ನಮ್ಮ ವ್ಯವಹಾರದ ಭಾಷೆಯಲ್ಲಿ 'ಖಾಲಿ ಜಾಗ' ಎಂಬ ಮಾತೊಂದುಂಟು. ಗೋಡೆ, ಛಾವಣಿ, ಬಾಡಿಗೆದಾರ ಈ ಮೂರರಲ್ಲಿ ಒಂದೂ ಇಲ್ಲದ ನೆಲವನ್ನು ಕಂಡೊಡನೆ ವರ್ತಕರಾದ ನಾವು ಅದನ್ನು ಖಾಲಿ ಎಂದು ಕರೆದುಬಿಡುತ್ತೇವೆ. ಮನೆಯ ಹಿತ್ತಿಲಾಗಲಿ, ದೇವಾಲಯದ ಅಂಗಳವಾಗಲಿ, ಬಡಾವಣೆಯ ಉದ್ಯಾನವಾಗಲಿ, ಅಲ್ಲಿ ಏನನ್ನಾದರೂ ಕಟ್ಟಿ 'ಉಪಯೋಗಕ್ಕೆ ತರಬೇಕು' ಎಂಬ ಆತುರ ನಮ್ಮನ್ನು ಹಿಡಿಯುತ್ತದೆ. ಆತುರದ ಹಿಂದೆ ದುರುದ್ದೇಶವೇನೂ ಇರುವುದಿಲ್ಲ. ಕಟ್ಟಬೇಕೆಂದಿರುವುದು ಸಭಾಭವನವಾಗಿರಬಹುದು, ವಿದ್ಯಾರ್ಥಿನಿಲಯವಾಗಿರಬಹುದು, ಔಷಧಾಲಯವೂ ಆಗಿರಬಹುದು. ಆದರೆ ಖಾಲಿ ಎಂಬ ಆ ಒಂದು ಮಾತು ಸರಿಯೇ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ನೆರಳಿನಲ್ಲಿ ಬಾಲ್ಯವನ್ನು ಕಳೆದ ನನಗೆ ಆ ಮಾತನ್ನು ಒಪ್ಪಿಕೊಳ್ಳುವುದು ಇಂದಿಗೂ ಸಾಧ್ಯವಾಗಿಲ್ಲ. ಅದಕ್ಕೆ ಕಾರಣವೇನೆಂಬುದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಲಾಲ್‌ಬಾಗಿನ ಚರಿತ್ರೆ ಬಹುಮಂದಿಗೆ ತಿಳಿದದ್ದೇ. 1760ರಲ್ಲಿ ಹೈದರಾಲಿಯು ಸುಮಾರು 40 ಎಕರೆ ನೆಲದಲ್ಲಿ ಈ ತೋಟವನ್ನು ಆರಂಭಿಸಿದನು. ಅವನ ಮಗ ಟಿಪ್ಪು ಸುಲ್ತಾನನು ದೂರದೇಶಗಳಿಂದ ಸಸಿಗಳನ್ನೂ ಬೀಜಗಳನ್ನೂ ತರಿಸಿ ಬೆಳೆಸಿದನು. 1799ರ ಬಳಿಕ ತೋಟವು ಆಂಗ್ಲರ ಕೈಸೇರಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವೆಂಬ ಸ್ಥಾನವನ್ನು ಪಡೆಯಿತು. ಇಂದು ಅದರ ವಿಸ್ತಾರ 240 ಎಕರೆ. ಒಬ್ಬ ಅರಸನ ಸ್ವಂತದ ತೋಟವಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಯಾವ ಒಬ್ಬನದೂ ಅಲ್ಲದ, ಎಲ್ಲರದೂ ಆದ ತೋಟವಾಯಿತು. ಸ್ವತ್ತು ಎಂಬುದು ಸಾಮಾನ್ಯವಾಗಿ ಹಲವರ ಕೈಯಿಂದ ಒಬ್ಬನ ಕೈಗೆ ಹರಿಯುವುದನ್ನೇ ಕಂಡಿರುವ ನಮಗೆ ಈ ವಿರುದ್ಧ ದಿಕ್ಕಿನ ಹರಿವು ಚಿಂತನೆಗೆ ಅರ್ಹವಾದುದಾಗಿದೆ.

ನನ್ನ ಬಾಲ್ಯದಲ್ಲಿ, ಎಂದರೆ 1960ರ ದಶಕದ ಕೊನೆಯ ವರ್ಷಗಳಲ್ಲಿ, ನಮ್ಮ ಕುಟುಂಬ ವಿಶ್ವೇಶ್ವರಪುರದ ಒಂದು ಬಾಡಿಗೆ ಮನೆಯಲ್ಲಿ ವಾಸವಾಗಿತ್ತು. ಎರಡು ಕೋಣೆ, ಒಂದು ನಡುಮನೆ, ಅಡಿಗೆಮನೆ, ಜನ ಒಂಬತ್ತು. ತಂದೆಯವರ ಹಿತ್ತಾಳೆ ಮತ್ತು ತಾಮ್ರದ ಪಾತ್ರೆಯ ಅಂಗಡಿ ಪೇಟೆಯಲ್ಲಿತ್ತು. ವಾರದ ಆರು ದಿನ ತಂದೆಯವರು ನಮಗೆ ದೊರೆಯುತ್ತಿರಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕೆಂಬ ನಿಯಮವಿದ್ದುದರಿಂದ ಸಂಜೆ ಒಮ್ಮೆ ಮನೆಗೆ ಬಂದು, ಉಂಡು, ಮತ್ತೆ ಅಂಗಡಿಗೆ ಹೊರಟುಬಿಡುತ್ತಿದ್ದರು. ಭಾನುವಾರದ ಮುಂಜಾನೆ ಮಾತ್ರ ನಮ್ಮದು. ಆರು ಗಂಟೆಗೆ ಮುಂಚೆಯೇ ತಂದೆಯವರು, ಅಕ್ಕ, ನಾನು, ನನ್ನ ತಮ್ಮ, ನಾಲ್ವರೂ ಪಶ್ಚಿಮ ದ್ವಾರದ ಕಡೆಗೆ ಹೆಜ್ಜೆ ಹಾಕುತ್ತಿದ್ದೆವು. ದ್ವಾರವನ್ನು ದಾಟಿದೊಡನೆ ಗಾಳಿಯ ತಂಪೇ ಬೇರೆಯಾಗುತ್ತಿತ್ತು. ಒಂಬತ್ತು ಜನರ ಮನೆಯಲ್ಲಿ ಕೈಕಾಲು ಚಾಚಲೂ ಅಳತೆ ನೋಡುತ್ತಿದ್ದ ಮಕ್ಕಳಿಗೆ ಅಷ್ಟು ವಿಶಾಲವಾದ ನೆಲವು ಯಾರ ಅನುಮತಿಯನ್ನೂ ಬೇಡದೆ ದೊರೆಯುತ್ತಿದ್ದುದು ಒಂದು ಆಶ್ಚರ್ಯವೇ ಆಗಿತ್ತು.

ಒಳಗೆ ಅಲ್ಲಲ್ಲಿ 'ಹೂಗಳನ್ನು ಕೀಳಬಾರದು' ಎಂದು ಬರೆದ ಹಲಗೆಗಳಿದ್ದವು. ನಮ್ಮ ಮನೆಯ ನಿಯಮವೂ ಅದೇ. ಗಿಡಮರಗಳು ಏಕೇಂದ್ರಿಯ ಜೀವಗಳು, ಕಾರಣವಿಲ್ಲದೆ ಒಂದು ಎಲೆಯನ್ನೂ ಹರಿಯಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಅಜ್ಜಿಯ ಮಾತು ಸರ್ಕಾರಕ್ಕೆ ಹೇಗೆ ತಿಳಿಯಿತೆಂದು ನನ್ನ ತಮ್ಮ ಒಮ್ಮೆ ಗಂಭೀರವಾಗಿ ಕೇಳಿದ್ದುಂಟು. ಬಿದ್ದ ಹೂವನ್ನು ಆಯ್ದುಕೊಳ್ಳಲು ಮಾತ್ರ ಅಡ್ಡಿಯಿರಲಿಲ್ಲ. ನಾಗಲಿಂಗ ಪುಷ್ಪದ ಮರದ ಕೆಳಗೆ ರಾತ್ರಿ ಉದುರಿದ ಹೂಗಳು ಮುಂಜಾನೆಯ ಇಬ್ಬನಿಯಲ್ಲಿ ನೆನೆದು ಬಿದ್ದಿರುತ್ತಿದ್ದವು. ಅಕ್ಕ ಅವುಗಳಲ್ಲಿ ಒಂದನ್ನು ಆರಿಸಿ ಅಂಗೈಯಲ್ಲಿ ಹಿಡಿದು, ಮನೆ ಮುಟ್ಟುವವರೆಗೂ ಅದರ ಪರಿಮಳವನ್ನು ನಮಗೂ ಪಾಲು ಮಾಡಿ ಕೊಡುತ್ತಿದ್ದಳು.

ತೋಟದಲ್ಲಿ ನಮಗೊಬ್ಬ ಗುರುಗಳಿದ್ದರು. ನೀರು ಹಾಯಿಸುತ್ತಿದ್ದ ವಯಸ್ಸಾದ ಮಾಲಿ. ಬೆಂಗಳೂರಿನ ತೋಟಗಾರಿಕೆಯನ್ನು ತಲೆಮಾರುಗಳಿಂದ ಕೈಯಲ್ಲಿ ಹಿಡಿದು ಬಂದಿರುವ ತಿಗಳ ಸಮುದಾಯದವರು. ಅವರನ್ನು ನಾವು 'ತಾತ' ಎಂದೇ ಕರೆಯುತ್ತಿದ್ದೆವು. ಮರಗಳಿಗೆ ಕಟ್ಟಿದ್ದ ತಗಡಿನ ಹಲಗೆಗಳ ಮೇಲೆ ಬರೆದಿದ್ದ ಲ್ಯಾಟಿನ್ ಹೆಸರುಗಳನ್ನು ಅವರು ಓದಲಾರರು. ಆದರೆ ಯಾವ ಮರ ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ, ಯಾವುದರ ಬೇರು ಗೋಡೆಯನ್ನು ಸೀಳುತ್ತದೆ, ಯಾವುದರ ಪೊಟರೆಯಲ್ಲಿ ಗಿಳಿ ಮರಿ ಮಾಡಿದೆ, ಇವೆಲ್ಲ ಅವರಿಗೆ ಗೊತ್ತಿತ್ತು. ಮಳೆಮರದ ಎಲೆಗಳು ಸಂಜೆಯಾದೊಡನೆ ಮಡಿಸಿಕೊಳ್ಳುವುದನ್ನೂ, ಮೋಡ ಕವಿದರೆ ಹಗಲಿನಲ್ಲಿಯೂ ಮುದುರಿಕೊಳ್ಳುವುದನ್ನೂ ತೋರಿಸಿದವರು ಅವರೇ. "ಅದಕ್ಕೂ ನಿದ್ದೆ ಬರ್ತದೆ ಮಗ, ನಿನಗೆ ಬರೋ ಹಾಗೆ" ಎನ್ನುತ್ತಿದ್ದರು. ಮರಕ್ಕೂ ಜೀವವಿದೆ ಎಂದು ಅಜ್ಜಿಯಿಂದ ಕೇಳಿ ಬಾಯಿಪಾಠ ಮಾಡಿದ್ದ ನಾನು ಅದನ್ನು ಕಣ್ಣಾರೆ ಕಂಡದ್ದು ಆ ಮಾಲಿಯ ಬೆರಳು ತೋರಿದ ಕಡೆಯಲ್ಲಿ.

ಬಂಡೆಯ ಮೇಲೆ ಹತ್ತುವುದು ನಮ್ಮ ಸುತ್ತಾಟದ ಕೊನೆಯ ಘಟ್ಟ. ಅದರ ನೆತ್ತಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರವಿದೆ. ನಗರದ ನಾಲ್ಕು ದಿಕ್ಕುಗಳಲ್ಲಿ ನಿಂತಿರುವ ಅಂಥ ನಾಲ್ಕು ಗೋಪುರಗಳಲ್ಲಿ ಇದೊಂದು. ಅಲ್ಲಿ ನಿಂತರೆ ಆಗಿನ ಬೆಂಗಳೂರಿನ ಬಹುಭಾಗ ಹೆಂಚಿನ ಮಾಡುಗಳಾಗಿಯೂ ಮರದ ತಲೆಗಳಾಗಿಯೂ ಕಾಣುತ್ತಿತ್ತು. ಆ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನಮಗೆ ಆಗ ಅದಾವುದೂ ತಿಳಿಯದು. ಬಿಸಿಲು ಏರಿದಂತೆ ಕಲ್ಲು ಅಂಗಾಲಿಗೆ ಬಿಸಿಯಾಗುತ್ತದೆ, ಆಗ ಮನೆಗೆ ಹೊರಡಬೇಕು, ಇಷ್ಟೇ ನಮಗೆ ತಿಳಿದಿದ್ದ ಭೂವಿಜ್ಞಾನ.

ಈವರೆಗೆ ಹೇಳಿದ್ದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೆಳೆದ ನನ್ನ ವಯಸ್ಸಿನ ಅನೇಕರ ನೆನಪೂ ಆಗಿರಬಹುದು. ಇನ್ನು ಹೇಳಬೇಕಾಗಿರುವುದು ನಮ್ಮ ಮನೆಯ ಮಾತು.

ಆ ವರ್ಷಗಳಲ್ಲಿ ಪಾತ್ರೆಯ ವ್ಯಾಪಾರದಲ್ಲಿ ಒಂದು ದೊಡ್ಡ ಪಲ್ಲಟವಾಯಿತು. ಮದುವೆಗೆ ಹಿತ್ತಾಳೆಯ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆ ಕೊಳ್ಳುತ್ತಿದ್ದ ಜನ ಎವರ್‌ಸಿಲ್ವರ್ ಕಡೆಗೆ ತಿರುಗಿದರು. ಕಲಾಯಿ ಹಾಕಿಸುವ ಖರ್ಚಿಲ್ಲ, ಹುಣಿಸೆಹಣ್ಣು ಹಾಕಿ ತಿಕ್ಕುವ ಶ್ರಮವಿಲ್ಲ. ಗೃಹಿಣಿಯರ ಆಯ್ಕೆಯಲ್ಲಿ ತಪ್ಪೇನೂ ಇರಲಿಲ್ಲ. ತಂದೆಯವರು 1968ರಲ್ಲಿ ಬಸವನಗುಡಿಯ ಹಿರಿಯ ವರ್ತಕರೊಬ್ಬರಿಂದ ಎಂಟು ಸಾವಿರ ರೂಪಾಯಿಗಳನ್ನು ಪ್ರಾಮಿಸರಿ ನೋಟಿನ ಮೇಲೆ ಸಾಲ ಪಡೆದು ಹಿತ್ತಾಳೆಯ ಮಾಲನ್ನು ತುಂಬಿಸಿದ್ದರು. ಮಾಲು ಕಪಾಟಿನಲ್ಲಿಯೇ ಕುಳಿತಿತು. ಲೋಹದ ಬೆಲೆ ಲೋಹದಲ್ಲಿ ಇದ್ದೇ ಇತ್ತು, ಆದರೆ ಬಡ್ಡಿ ಕಾಯುವುದಿಲ್ಲವಷ್ಟೆ. 1970ರ ಹೊತ್ತಿಗೆ ಬಡ್ಡಿಯೂ ನಿಂತಿತು. ಎಂಟು ಸಾವಿರ ಎಂದರೆ ಇಂದಿನ ಮಕ್ಕಳು ನಕ್ಕಾರು. ಆಗ ಅದು ನಮ್ಮಂಥ ಮನೆಯ ಹಲವಾರು ವರ್ಷಗಳ ಖರ್ಚು.

ಪೇಟೆಯಲ್ಲಿ ಸಾಲಗಾರನಾದವನ ನಡಿಗೆಯೇ ಬದಲಾಗುತ್ತದೆ. ತಂದೆಯವರು ಮುಖ್ಯ ಬೀದಿಯನ್ನು ಬಿಟ್ಟು ಸಂದಿಯ ಹಾದಿ ಹಿಡಿದು ಅಂಗಡಿಗೆ ಹೋಗತೊಡಗಿದರು. ಮದುವೆ ಮುಂಜಿಗಳಿಗೆ ಹೋಗುವುದನ್ನು ನಿಲ್ಲಿಸಿದರು. ಬಸದಿಗೂ ಜನವಿಲ್ಲದ ಹೊತ್ತನ್ನು ನೋಡಿ ಹೋಗಿಬರುತ್ತಿದ್ದರು. ಯಾರೂ ಅವರನ್ನು ಅವಮಾನಿಸಿದವರಲ್ಲ. ಆದರೆ ಕಂಡವರ ಕ್ಷೇಮಸಮಾಚಾರದ ಮಾತಿನಲ್ಲಿಯೂ ಪ್ರಶ್ನೆಯೊಂದು ಅಡಗಿದೆಯೆಂದು ಅವರಿಗೆ ಅನ್ನಿಸುತ್ತಿತ್ತು. ಲಾಲ್‌ಬಾಗಿನ ಭಾನುವಾರವೊಂದನ್ನು ಮಾತ್ರ ಅವರು ಬಿಟ್ಟಿರಲಿಲ್ಲ.

ಅಂಥ ಒಂದು ಭಾನುವಾರ, ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ಸಾಲ ಕೊಟ್ಟ ಆ ಹಿರಿಯರೇ ಎದುರಾದರು. ತಂದೆಯವರ ಬೆರಳು ಹಿಡಿದಿದ್ದ ನನಗೆ ಆ ಹಿಡಿತ ಬಿಗಿಯಾದದ್ದು ಇಂದಿಗೂ ನೆನಪಿದೆ. ತಿರುಗಿ ಹೋಗಲು ಬೇರೆ ದಾರಿಯಿರಲಿಲ್ಲ. ಹಿರಿಯರು ನಿಂತು, ಪಕ್ಕದ ಕಲ್ಲುಬೆಂಚನ್ನು ತೋರಿಸಿ, "ಬನ್ನಿ, ಬಿಸಿಲು ಏರೋ ಮುಂಚೆ ಹತ್ತು ನಿಮಿಷ ಕೂತ್ಕೊಳ್ಳೋಣ" ಎಂದರು. ಕುಳಿತರು. ಬೂರುಗದ ಮರದ ಹಲಗೆಯಂಥ ಬೇರುಗಳ ವಿಷಯ ಮಾತನಾಡಿದರು. ನಾನು ಯಾವ ತರಗತಿಯೆಂದು ಕೇಳಿ, ಹದಿಮೂರರ ಮಗ್ಗಿಯನ್ನು ಹೇಳಿಸಿದರು. ಹಣದ ಮಾತು ಅವರ ಬಾಯಿಂದ ಬರಲೇ ಇಲ್ಲ.

ಮುಂದಿನ ಭಾನುವಾರ ತಂದೆಯವರು ಹೊರಡಲು ಹಿಂಜರಿದರು. ತಾಯಿಯವರು ಅಡಿಗೆಮನೆಯಿಂದಲೇ, "ಸಾಲ ಇರೋದು ಅಂಗಡಿಯಲ್ಲಿ. ತೋಟದಲ್ಲೇನಿದೆ? ಹುಡುಗರನ್ನ ಕರ್ಕೊಂಡು ಹೋಗಿಬನ್ನಿ" ಎಂದರು. ಹೋದೆವು. ಹಿರಿಯರು ಅದೇ ಬೆಂಚಿನ ಮೇಲಿದ್ದರು. ಹೀಗೆಯೇ ಕೆಲವು ವಾರಗಳಾದ ಮೇಲೆ ತಂದೆಯವರಿಗೇ ತಡೆಯದೆ, "ಯಜಮಾನರೇ, ತಮ್ಮ ಬಾಬ್ತಿನ ವಿಷಯ..." ಎಂದು ಆರಂಭಿಸಿದರು. ಹಿರಿಯರು ಕೈಯೆತ್ತಿ ತಡೆದು, "ಅದು ಪೇಟೆಯ ಮಾತು. ಪೇಟೆಯಲ್ಲೇ ಆಡೋಣ. ಇಲ್ಲಿ ಮರ ನೋಡೋಣ" ಎಂದರು.

ಇದನ್ನು ಕೇಳಿ ಆ ಹಿರಿಯರು ಸಾಲವನ್ನು ಮನ್ನಾ ಮಾಡಿದರೆಂದು ವಾಚಕರು ಭಾವಿಸಬಾರದು. ತಿಂಗಳ ಮೊದಲ ವಾರ ಅವರ ಗುಮಾಸ್ತರು ತಪ್ಪದೆ ಅಂಗಡಿಗೆ ಬರುತ್ತಿದ್ದರು. ಬಡ್ಡಿಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಒಮ್ಮೆ ಪೇಟೆಯಲ್ಲಿ ಎದುರಾದಾಗ ತಮ್ಮ ಹಣದ ವಿಷಯವನ್ನು ನೇರವಾಗಿಯೇ ಕೇಳಿದರಂತೆ. ಅದು ಅವರ ಹಕ್ಕು. ತಂದೆಯವರೂ ಅದನ್ನು ಹಾಗೆಯೇ ಕಂಡರು. ಕುಳಿತ ಹಿತ್ತಾಳೆಯ ಮಾಲನ್ನು ನಷ್ಟಕ್ಕೆ ಎರಕದವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟು, ಅಂಗಡಿಯನ್ನು ಮೆಲ್ಲಮೆಲ್ಲನೆ ಎವರ್‌ಸಿಲ್ವರಿಗೆ ಬದಲಾಯಿಸಿದರು. ತಾಯಿಯವರ ಎರಡು ಬಳೆಗಳು ಹೋದವು. 1974ರ ದೀಪಾವಳಿಗೆ ಅಸಲು ಬಡ್ಡಿಗಳೆರಡೂ ತೀರಿ ನೋಟು ಕೈಗೆ ಬಂತು. ಅದರ ಮರುಭಾನುವಾರ ಇಬ್ಬರೂ ಅದೇ ಬೆಂಚಿನ ಮೇಲೆ ಕುಳಿತರು. ಅಂದೂ ಆಡಿದ್ದು ಮರದ ಮಾತನ್ನೇ. ಆ ನಾಲ್ಕು ವರ್ಷಗಳ ನಂತರವೂ, ಹಿರಿಯರು ತೀರಿಕೊಳ್ಳುವವರೆಗೆ, ಭಾನುವಾರದ ಆ ಹತ್ತು ನಿಮಿಷ ತಪ್ಪಲಿಲ್ಲ.

ತಂದೆಯವರು ಬಹಳ ವರ್ಷಗಳ ಬಳಿಕ, ತಮ್ಮ ಕೊನೆಗಾಲದಲ್ಲಿ, ಒಮ್ಮೆ ನನ್ನೊಡನೆ ಹೇಳಿದರು: "ಆ ಬೆಂಚು ಇಲ್ಲದಿದ್ದರೆ ನಾನು ಸಂಸಾರ ಸಮೇತ ಊರು ಬಿಟ್ಟುಬಿಡುತ್ತಿದ್ದೆ. ಟಿಕೆಟ್ಟಿನ ಹಣವನ್ನೂ ಎತ್ತಿಟ್ಟಿದ್ದೆ." ಅದುವರೆಗೆ ಆ ಸಂಗತಿ ನಮಗಾರಿಗೂ ತಿಳಿದಿರಲಿಲ್ಲ.

ಈ ಮಾತನ್ನು ನಾನು ಅನೇಕ ಬಾರಿ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಹಿರಿಯರ ದೊಡ್ಡತನ ಇದ್ದೇ ಇದೆ. ಆದರೆ ಆ ದೊಡ್ಡತನ ಪ್ರಕಟವಾಗಲು ಒಂದು ಸ್ಥಳ ಬೇಕಾಗಿತ್ತು. ಅವರು ತಂದೆಯವರನ್ನು ಮನೆಗೆ ಕರೆದಿದ್ದರೆ ಒಬ್ಬರು ಯಜಮಾನರೂ ಇನ್ನೊಬ್ಬರು ಅತಿಥಿಯೂ ಆಗುತ್ತಿದ್ದರು. ಸಾಲದ ಭಾರಕ್ಕೆ ಉಪಚಾರದ ಭಾರವೂ ಸೇರುತ್ತಿತ್ತು. ಹೋಟೆಲಿನಲ್ಲಿ ಕುಳಿತಿದ್ದರೆ ಕಾಫಿಯ ಹಣವನ್ನು ಯಾರು ಕೊಡಬೇಕೆಂಬ ಪ್ರಶ್ನೆ ಏಳುತ್ತಿತ್ತು. ಅಂಗಡಿಯಲ್ಲಿ ಗುಮಾಸ್ತರ ಕಿವಿ, ಬೀದಿಯಲ್ಲಿ ಜನರ ಕಣ್ಣು. ಇಬ್ಬರೂ ಬೇರೆ ಬೇರೆ ಮತದವರಾದುದರಿಂದ ದೇವಾಲಯದಲ್ಲಿ ಕಲೆಯುವ ಸಂದರ್ಭವೂ ಇರಲಿಲ್ಲ. ಉದ್ಯಾನದ ಬೆಂಚಿನ ಮೇಲೆ ಮಾತ್ರ ಯಾರೂ ಯಜಮಾನರಲ್ಲ, ಯಾರೂ ಅತಿಥಿಗಳಲ್ಲ. ಎಂಟು ಸಾವಿರ ಕೊಟ್ಟವನಿಗೂ ಕೊಡಬೇಕಾದವನಿಗೂ ಅಲ್ಲಿ ಒಂದೇ ಅಗಲದ ಕಲ್ಲು. ಪರಿಗ್ರಹ ಪರಿಮಾಣ ವ್ರತವನ್ನು ಕುರಿತು ನಾವು ಓದುತ್ತೇವೆ, ಉಪನ್ಯಾಸಗಳನ್ನು ಕೇಳುತ್ತೇವೆ. ತನ್ನದೆಂದು ಹಿಡಿದುಕೊಳ್ಳದೆಯೂ ಒಂದು ವಸ್ತುವಿನಿಂದ ಪೂರ್ಣ ಸುಖವನ್ನು ಪಡೆಯಬಹುದೆಂಬುದಕ್ಕೆ ನನ್ನ ಅನುಭವದಲ್ಲಿ ಲಾಲ್‌ಬಾಗಿಗಿಂತ ಸುಲಭವಾದ ಉದಾಹರಣೆ ಬೇರೊಂದಿಲ್ಲ.

ಮುಂದೆ ನಾನು ಬಿ.ಕಾಂ. ವ್ಯಾಸಂಗ ಮಾಡುವಾಗ ಸ್ಥಿರಾಸ್ತಿ, ಸವಕಳಿ, ಅಢಾವೆ ಪತ್ರಿಕೆಗಳ ಪಾಠವಾಯಿತು. ಯಂತ್ರಕ್ಕೆ ವರ್ಷಕ್ಕಿಷ್ಟು, ಕಟ್ಟಡಕ್ಕೆ ವರ್ಷಕ್ಕಿಷ್ಟು ಎಂದು ಸವಕಳಿಯನ್ನು ಕಳೆಯುತ್ತ ಹೋಗಬೇಕು. ಹೀಗೆ ನೋಡಿದರೆ ಮರವೊಂದು ವಿಚಿತ್ರವಾದ ಆಸ್ತಿ. ಅದನ್ನು ನೆಟ್ಟ ವರ್ಷವೇ ಅದರ ಬೆಲೆ ಅತಿ ಕಡಿಮೆ. ವರ್ಷ ಕಳೆದಂತೆ ಬೆಲೆ ಏರುತ್ತದೆ. ನೆಟ್ಟವನು ಹೋದ ಮೇಲೆ ಲಾಭ ಬರತೊಡಗುತ್ತದೆ. ಲಾಲ್‌ಬಾಗನ್ನು ನೋಡಿಕೊಂಡವರ ಸಾಲನ್ನು ಗಮನಿಸಿದರೆ ಇದು ತಿಳಿಯುತ್ತದೆ. 1874ರಲ್ಲಿ ಅಧಿಕಾರ ವಹಿಸಿಕೊಂಡ ಜಾನ್ ಕ್ಯಾಮರನ್ನರು ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ತೋಟವನ್ನು ವಿಸ್ತರಿಸಿದರು. ನಮ್ಮ ಅಡಿಗೆಮನೆಗಳಲ್ಲಿ ನಿತ್ಯ ಬೇಯುವ ಸೀಮೆ ಬದನೆಕಾಯಿಯನ್ನು ಈ ನಾಡಿಗೆ ಪರಿಚಯಿಸಿದವರೂ ಅವರೇ ಎನ್ನುತ್ತಾರೆ. ಅವರ ಕಾಲದಲ್ಲಿಯೇ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ಲರು ನಗರದ ಬೀದಿಗಳಲ್ಲಿ ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಪರದೇಶದಲ್ಲಿ ಹುಟ್ಟಿದ ಅವರು 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಅವರ ತರುವಾಯ ಎಚ್. ಸಿ. ಜವರಾಯರು, ಮುಂದೆ ಎಂ. ಎಚ್. ಮರಿಗೌಡರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾದಾಗ ಮರಿಗೌಡರೇ ಮೊದಲ ನಿರ್ದೇಶಕರಾಗಿ ನಾಡಿನಾದ್ಯಂತ ತೋಟಗಾರಿಕೆಯನ್ನು ಹರಡಿದರು. ನನ್ನ ತಂದೆಯವರೂ ಆ ಹಿರಿಯರೂ ಕುಳಿತ ನೆರಳಿನ ಬಂಡವಾಳವನ್ನು ಹೂಡಿದವರು ಇವರೂ, ಹೆಸರು ಉಳಿಯದ ಆ ಮಾಲಿಯಂಥ ನೂರಾರು ಮಂದಿಯೂ. ಯಾವ ಖಾತೆಯಲ್ಲಿಯೂ ಅದು ಜಮೆಯಾಗಿಲ್ಲ.

ವರ್ತಕನ ಅಭ್ಯಾಸಬಲದಿಂದ ನಾನೊಂದು ಲೆಕ್ಕ ಹಾಕಿದ್ದೇನೆ. 240 ಎಕರೆ ಎಂದರೆ ಸುಮಾರು 1 ಕೋಟಿ 4 ಲಕ್ಷ 54 ಸಾವಿರ ಚದರಡಿ. 1971ರ ಜನಗಣತಿಯ ಕಾಲಕ್ಕೆ ಬೆಂಗಳೂರಿನ ಜನಸಂಖ್ಯೆ 16 ಲಕ್ಷವನ್ನು ದಾಟಿತ್ತು. ತೋಟವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಆರು ಚದರಡಿಗೆ ಸ್ವಲ್ಪ ಮೇಲೆ ಬರುತ್ತಿತ್ತು. ಒಬ್ಬ ಮನುಷ್ಯ ಸುಖವಾಗಿ ಕುಳಿತುಕೊಳ್ಳಬಹುದು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 84 ಲಕ್ಷ. ಆಗ ತಲೆಗೆ ಬಂದದ್ದು ಒಂದೂಕಾಲು ಚದರಡಿಗಿಂತ ತುಸು ಕಡಿಮೆ. ಎರಡು ಪಾದಗಳನ್ನು ಜೋಡಿಸಿ ನಿಲ್ಲಬಹುದು, ಅಷ್ಟೆ. ಇಂದಂತೂ ಅದಕ್ಕಿಂತಲೂ ಕಡಿಮೆ. ನಗರ ಬೆಳೆದಷ್ಟು ತೋಟ ಬೆಳೆಯಲಾರದು. ಆದುದರಿಂದಲೇ ಇರುವ ಒಂದು ಅಡಿಯನ್ನೂ ಖಾಲಿ ಎಂದು ಕರೆಯುವ ಸ್ವಾತಂತ್ರ್ಯ ನಮಗಿಲ್ಲ.

ಬದಲಾವಣೆಗಳೆಲ್ಲವನ್ನೂ ನಾನು ದೂರುವವನಲ್ಲ. 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಲಾಲ್‌ಬಾಗಿನ ಅಂಚಿನ ಗೋಡೆಯನ್ನು ಒಡೆದು ಮರಗಳನ್ನು ಕಡಿದಾಗ ನಗರದ ಅನೇಕರು ಪ್ರತಿಭಟಿಸಿದರು. ನನಗೂ ದುಃಖವಾಯಿತು. 2017ರಿಂದ ಆ ಮಾರ್ಗದಲ್ಲಿ ರೈಲು ಓಡುತ್ತಿದೆ. ಲಾಲ್‌ಬಾಗಿನ ಹೆಸರಿನ ನಿಲ್ದಾಣವೂ ಇದೆ. ನಾನೂ ಆ ರೈಲಿನಲ್ಲಿ ಓಡಾಡುತ್ತೇನೆ. ಸಾವಿರಾರು ಜನರ ಅನುಕೂಲಕ್ಕಾಗಿ ಸಮಾಜವು ಒಂದಿಷ್ಟನ್ನು ಬಿಟ್ಟುಕೊಡಬೇಕಾದ ಸಂದರ್ಭ ಬಂದೀತು. ಆದರೆ ಹಾಗೆ ಬಿಟ್ಟುಕೊಟ್ಟದ್ದನ್ನು ಖರ್ಚಿನ ಕಡೆಯಲ್ಲಿ ಬರೆಯಬೇಕು. ಬರೆಯದೆ ಹೋದರೆ ಪ್ರತಿ ಬಾರಿಯೂ ಅದು ಪುಕ್ಕಟೆಯಾಗಿ ಸಿಕ್ಕಿದಂತೆ ತೋರುತ್ತದೆ. ಪುಕ್ಕಟೆಯದಕ್ಕೆ ಕೈಚಾಚುವವರು ಮತ್ತೆ ಮತ್ತೆ ಬರುತ್ತಾರೆ.

ಪ್ರವೇಶ ಶುಲ್ಕದ ವಿಷಯದಲ್ಲಿಯೂ ಇದೇ ಮಾತು. ಮುಂಜಾನೆ ನಡೆಯಲು ಬರುವವರಿಗೆ ಶುಲ್ಕವಿಲ್ಲ, ಹಗಲಿನಲ್ಲಿ ಬರುವವರಿಗೆ ಇದೆ. ತೋಟವನ್ನು ನೋಡಿಕೊಳ್ಳಲು ಹಣ ಬೇಕು, ನಿಜ. ಆದರೆ ಶುಲ್ಕವನ್ನು ನಿಗದಿ ಮಾಡುವವರು ಒಬ್ಬ ವ್ಯಕ್ತಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು: ಜೇಬಿನಲ್ಲಿ ಹಣವಿಲ್ಲದ, ಮನೆಯಲ್ಲಿ ಕುಳಿತಿರಲಾರದ, ಪೇಟೆಯಲ್ಲಿ ಮುಖ ತೋರಿಸಲಾರದ ವ್ಯಕ್ತಿಯನ್ನು. ಉದ್ಯಾನದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಅವನಿಗೆ.

ಒಳ್ಳೆಯ ಉದ್ದೇಶಕ್ಕಾಗಿ ಉದ್ಯಾನವನ್ನು ಬಳಸಿದರೆ ತಪ್ಪೇನು ಎಂಬ ಪ್ರಶ್ನೆಗೆ ನಮ್ಮ ನಗರದ್ದೇ ಒಂದು ಪ್ರಕರಣದಲ್ಲಿ ಉತ್ತರವಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ನಿವೇಶನವನ್ನು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆಗೆ ಚಿಕಿತ್ಸಾಲಯ ಕಟ್ಟಲು ಕೊಡಲಾಗಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೊರೆ ಹೋದರು. ಉಚ್ಚ ನ್ಯಾಯಾಲಯವು ಹಂಚಿಕೆಯನ್ನು ರದ್ದುಪಡಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಸಾರ್ವಜನಿಕ ಉದ್ಯಾನಕ್ಕೆ ಮೀಸಲಾದ ನೆಲವನ್ನು ಖಾಸಗಿ ಚಿಕಿತ್ಸಾಲಯಕ್ಕೆ ತಿರುಗಿಸಲಾಗದು, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆ ಎಂಬುದು ಅದರ ಸಾರ. ಚಿಕಿತ್ಸಾಲಯವು ಒಳ್ಳೆಯದಲ್ಲವೆಂದು ಯಾರೂ ಹೇಳಲಿಲ್ಲ. ಕಾಯಿಲೆಯಾದವನಿಗೆ ಔಷಧ ಬೇಕು; ಕಾಯಿಲೆಯಾಗದಂತೆ ಉಸಿರಾಡಲು ಎಲ್ಲರಿಗೂ ಗಾಳಿ ಬೇಕು. ಒಂದಕ್ಕಾಗಿ ಇನ್ನೊಂದರ ಪಾಲನ್ನು ಕಸಿಯಬಾರದು. ನಮ್ಮ ರಾಜ್ಯದಲ್ಲಿ ಸರ್ಕಾರಿ ಉದ್ಯಾನಗಳ ರಕ್ಷಣೆಗೆ 1975ರಲ್ಲಿಯೂ, ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರಲ್ಲಿಯೂ ಕಾನೂನುಗಳಾಗಿವೆ. ಆದರೆ ಕಾನೂನು ತಾನಾಗಿ ಕಾವಲು ನಿಲ್ಲುವುದಿಲ್ಲ. ಆ ಬಡಾವಣೆಯ ನಿವಾಸಿಗಳಂತೆ ಯಾರಾದರೂ ತಮ್ಮ ಸಮಯವನ್ನೂ ಹಣವನ್ನೂ ತೆತ್ತು ನಿಲ್ಲಬೇಕಾಗುತ್ತದೆ.

ದೇವಾಲಯಗಳ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿಯಿದೆ. ನಿಮ್ಮ ವಶದಲ್ಲಿ ಒಂದಿಷ್ಟು ಬಯಲು ನೆಲವಿದ್ದರೆ, ಅದರ ಮೇಲಿನ ಕಟ್ಟಡದ ನಕ್ಷೆ ಸಭೆಯ ಮುಂದೆ ಬಂದಾಗ, ಆ ಬಯಲನ್ನು ಈಗ ಯಾರು ಯಾರು ಉಪಯೋಗಿಸುತ್ತಿದ್ದಾರೆಂಬುದನ್ನು ಒಂದು ವಾರ ಕುಳಿತು ನೋಡಿ ಪಟ್ಟಿ ಮಾಡಿಸಿರಿ. ಬೆಳಿಗ್ಗೆ ಬಿಸಿಲು ಕಾಯಿಸಿಕೊಳ್ಳುವ ಮುದುಕರು, ಶಾಲೆ ಬಿಟ್ಟ ಮಕ್ಕಳು, ಮಧ್ಯಾಹ್ನದ ಬುತ್ತಿ ಬಿಚ್ಚುವ ಕೂಲಿಕಾರರು, ಯಾರೊಡನೆಯೂ ಮಾತನಾಡದೆ ಅರ್ಧ ಗಂಟೆ ಕುಳಿತು ಎದ್ದುಹೋಗುವ ಒಬ್ಬ ಅಪರಿಚಿತ, ಎಲ್ಲರನ್ನೂ ಬರೆಸಿರಿ. ಆ ಪಟ್ಟಿಯನ್ನು ನಕ್ಷೆಯ ಪಕ್ಕದಲ್ಲಿಟ್ಟು ಆಮೇಲೆ ತೀರ್ಮಾನ ಮಾಡಿರಿ. ಕಟ್ಟಲೇಬೇಕೆಂದು ಕಂಡರೆ ಕಟ್ಟಿರಿ, ಆದರೆ ಒಂದು ಭಾಗವನ್ನಾದರೂ ಬಿಡಿರಿ.

ಬಿಡುವುದೆಂದು ತೀರ್ಮಾನವಾದರೆ ಅಲ್ಲಿ ಮಾಡಬೇಕಾದ ಖರ್ಚು ಹೆಚ್ಚಿನದೇನಲ್ಲ. ನೆರಳು ಕೊಡುವ ಎರಡು ಮರ, ಅವು ಬೇರೂರುವವರೆಗೆ ನೀರು ಹಾಕಲು ಒಬ್ಬ ಜವಾಬ್ದಾರ ಮನುಷ್ಯ, ಹಗಲು ಹೊತ್ತು ತೆರೆದಿರುವ ಬಾಗಿಲು. ಇವುಗಳ ಜೊತೆಗೆ, ಇಬ್ಬರು ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಬಹುದಾದ ಒಂದು ಕಲ್ಲಿನ ಬೆಂಚು. ದಾನಿಗಳ ಹೆಸರನ್ನು ಅದರ ಮೇಲೆ ಕೆತ್ತಿಸದಿದ್ದರೆ ಇನ್ನೂ ಒಳ್ಳೆಯದು. ಕುಳಿತವರಿಗೆ ತಾವು ಯಾರದೋ ಋಣದಲ್ಲಿ ಕುಳಿತಿದ್ದೇವೆಂದು ಅನ್ನಿಸಬಾರದು.